ಮುತ್ಯಾನ ಹಂತಿ ಪದ ಮತ್ತು ಮೂರು ಹಾರ್ಡ್ ಡಿಸ್ಕು

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಬೇಕು ಅಂತ ಹೊರಟವರು ಮೊದಲು ಕೇಳೋದು ಮೈಕಿನ ಬಗ್ಗೆ. ಆಮೇಲೆ ಆಡಿಯೋ ಇಂಟರ್‌ಫೇಸು, ಹೆಡ್‌ಫೋನು, ಗೋಡೆಗೆ ಅಂಟಿಸೋ ಸ್ಪಂಜು. ಹಾರ್ಡ್ ಡಿಸ್ಕಿನ ಬಗ್ಗೆ ಕೇಳಿದವರನ್ನ ನಾನಂತೂ ನೋಡಿಲ್ಲ. ಬಹಳ ಅಂದರೆ "ಒಂದು ಟಿಬಿ ಐತಿ, ಸಾಕಲ್ಲ?" ಅಂತಾರೆ. ಸಾಕು ಸ್ವಾಮಿ, ಜಾಗಕ್ಕೇನೂ ಕೊರತೆ ಇಲ್ಲ. ಆದರೆ ಮೈಕು ಕೆಟ್ಟರೆ ಇನ್ನೊಂದು ಮೈಕು ಸಿಗುತ್ತೆ, ಸ್ಪಂಜು ಕಿತ್ತು ಬಿದ್ದರೆ ಹಳೇ ಕೌದಿ ನೇತು ಹಾಕಬಹುದು. ಹಾಡು ಕೊನೆಗೆ ಕೂತಿರೋದು ಡಿಸ್ಕಿನಲ್ಲಿ. ಅದು ಹೋದರೆ ಹಾಡೇ ಹೋಯ್ತು. ಹಾಗಾಗಿ ಇವತ್ತು ಬರೀ ಡಿಸ್ಕಿನ ಪುರಾಣ. ಸ್ವಲ್ಪ ಲೆಕ್ಕ ಬರುತ್ತೆ, ಬೇಜಾರಾದರೆ ಹಾರಿಸಿ ಓದಿ :-)

ನಮ್ಮ ವಿಜಯಪುರದ ಕಡೆ ಈಗ ಊರಿಗೊಂದು ಸ್ಟುಡಿಯೋ ಅಂದರೂ ತಪ್ಪಿಲ್ಲ. ಸ್ಟುಡಿಯೋ ಅಂದರೆ ಏನು, ಮನೆಯ ಒಂದು ಖೋಲಿ, ಒಂದು ಕಂಪ್ಯೂಟರು, ಒಂದು ಕೀಬೋರ್ಡು, ಒಂದು ಮೈಕು. ಟ್ರ್ಯಾಕ್ಟರು, ಅತ್ತಿ ಮಗಳು, ಕೈ ಕೊಟ್ಟ ಹುಡುಗಿ ಇವೆಲ್ಲ ಬರುವ ಡಿಜೆ ಜಾನಪದ ಹಾಡುಗಳು ಹುಟ್ಟೋದು ಇಂಥ ಖೋಲಿಗಳಲ್ಲೇ. ತಿಕೋಟಾದಲ್ಲಿ ನನ್ನ ಗೆಳೆಯನೊಬ್ಬ ಇಂಥದ್ದೊಂದು ಇಟ್ಟುಕೊಂಡಿದ್ದಾನೆ. ಅವರದು ಹಳೇ ಮಣ್ಣಿನ ಮಾಳಿಗೆ ಮನೆ, ಗೋಡೆ ಮೊಳದುದ್ದ ದಪ್ಪ. ಹೊರಗೆ ದ್ರಾಕ್ಷಿ ತೋಟಕ್ಕೆ ಹೋಗೋ ಟ್ರ್ಯಾಕ್ಟರ್ ಸದ್ದು ಕೂಡ ಒಳಗೆ ಅಷ್ಟಾಗಿ ಕೇಳಲ್ಲ. ಲಕ್ಷ ಲಕ್ಷ ಖರ್ಚು ಮಾಡಿದರೂ ಆರ್‌ಸಿಸಿ ಮನೆಯಲ್ಲಿ ಅಂಥ ಖೋಲಿ ಸಿಗಲಿಕ್ಕಿಲ್ಲ. ಮಾಳಿಗೆಯಿಂದ ಮಣ್ಣು ಉದುರುತ್ತೆ ಅನ್ನೋದೊಂದೇ ತೊಂದರೆ.

ಡಿಜೆ ಹಾಡಿಗೆ ಡಿಸ್ಕು ಹೇಗಿದ್ದರೂ ನಡೆಯುತ್ತೆ. ಕೀಬೋರ್ಡಿನ ಟ್ರ್ಯಾಕು ಆಗಲೇ ಸಿದ್ಧ ಇರುತ್ತೆ, ಹಾಡೋನು ಬಂದು ಒಂದೊಂದು ಸಾಲು ನಾಲ್ಕು ಸಲ ಹಾಡಿ ಹೋಗ್ತಾನೆ. ಫೈಲ್ ಕೆಟ್ಟರೆ ನಾಳೆ ಮತ್ತೆ ಬರ್ತಾನೆ, ಒಂದು ಚಹಾ ಹೆಚ್ಚಿಗೆ ಅಷ್ಟೇ. ನನಗೆ ಚಿಂತೆ ಇರೋದು ಗೆಳೆಯ ಖುಷಿಗೆ ಮಾಡುವ ಇನ್ನೊಂದು ಕೆಲಸದ್ದು. ಸುತ್ತಲಿನ ಹಳ್ಳಿಯ ಹಿರಿಯರನ್ನ ಕರೆತಂದು ಹಾಡಿಸೋದು. ಬೀಸುವ ಪದ, ಸೋಬಾನ, ಅಲಾಯಿ ಹಬ್ಬದ ರಿವಾಯತ್ ಪದ, ಹಂತಿ ಪದ.

ಹಂತಿ ಪದ ಗೊತ್ತಿಲ್ಲದವರಿಗೆ ಎರಡು ಮಾತು. ಮುಂಚೆ ಜೋಳದ ರಾಶಿ ಮಾಡುವಾಗ ಕಣದ ನಡುವೆ ಮೇಟಿ ನೆಟ್ಟು, ಅದರ ಸುತ್ತ ಎತ್ತುಗಳನ್ನ ಕಟ್ಟಿ ತೆನೆ ತುಳಿಸುತ್ತಿದ್ದರು. ರಾತ್ರಿಯೆಲ್ಲ ನಡೆಯೋ ಕೆಲಸ. ಎತ್ತಿನ ಹಿಂದೆ ಸುತ್ತುವವರಿಗೆ ನಿದ್ದೆ ಬರಬಾರದು, ಎತ್ತೂ ನಿಲ್ಲಬಾರದು. ಅದಕ್ಕೆ ಹಾಡು. ಒಬ್ಬ ಮುಂದೆ ಹೇಳ್ತಾನೆ, ಉಳಿದವರು ಹಿಂದೆ ಎತ್ತಿಕೊಳ್ತಾರೆ. ರಾಶಿ ಮಷಿನ್ ಬಂದ ಮೇಲೆ ಎತ್ತೂ ಇಲ್ಲ, ಮೇಟಿಯೂ ಇಲ್ಲ. ಪದ ಮಾತ್ರ ಕೆಲವು ಮುದುಕರ ಗಂಟಲಲ್ಲಿ ಉಳಿದಿದೆ. ಅಂಥವರಲ್ಲಿ ಒಬ್ಬರು ಬಬಲೇಶ್ವರದ ಕಡೆಯವರು, ಗೆಳೆಯನ ಅವ್ವನ ಕಾಕಾ. ಎಂಬತ್ತರ ಹತ್ತಿರ ವಯಸ್ಸು. ನಾವೆಲ್ಲ ಮುತ್ಯಾ ಅಂತೀವಿ. ಅವರ ಹಿಂದೆ ಹಾಡುತ್ತಿದ್ದ ಜೊತೆಗಾರ ತೀರಿಕೊಂಡು ಎಷ್ಟೋ ವರ್ಷ ಆಗಿದೆ.

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಮುತ್ಯಾ ಹಾಡಲಿಕ್ಕೆ ಒಪ್ಪಿದರು. ನಾನೂ ಆಗ ಊರಲ್ಲೇ ಇದ್ದೆ, ಆದರೆ ವಿಜಯಪುರದ ಮನೆಯಲ್ಲಿ. ಮಧ್ಯಾಹ್ನ ಗೆಳೆಯನ ಫೋನು.

"ದೋಸ್ತ, ಕರೆಂಟ್ ಹೋತು. ಯುಪಿಎಸ್ಸಿನ ಬ್ಯಾಟ್ರಿ ಸತ್ತಿತ್ತು ಅಂತ ಈಗ ಗೊತ್ತಾತು. ಫೈಲ್ ತೆರಿವಲ್ದು. ಸೊನ್ನೆ ಸೆಕೆಂಡ್ ಅಂತ ತೋರಸಾಕತ್ತೈತಿ."

"ಎಷ್ಟೊತ್ತು ಹಾಡಿದ್ರು?"

"ಮುಕ್ಕಾಲ ತಾಸ ಆಗಿರಬೇಕು."

"ಮತ್ತೊಮ್ಮೆ ಹಾಡಸಾಕ ಆಗಂಗಿಲ್ಲೇನು?"

ಆ ಕಡೆ ಮುತ್ಯಾನ ಧ್ವನಿಯೇ ಕೇಳಿಸಿತು. ಸಿಟ್ಟಿರಲಿಲ್ಲ. "ತಮ್ಮಾ, ಹಾಡಿದ ಪದ ಹಾಡಿದಂಗ ಮತ್ತ ಬರೂದಿಲ್ಲೋ. ಎತ್ತ ನಡದಂಗ ಪದ ನಡೀತೈತಿ. ಇವತ್ತ ನಡದದ್ದು ಇವತ್ತಿಂದು."

"ಏನೂ ಮುಟ್ಟಬ್ಯಾಡ, ಆ ಡ್ರೈವಿಗೆ ಒಂದಕ್ಷರ ಸೈತ ಬರೀಬ್ಯಾಡ" ಅಂತ ಹೇಳಿ ನಾನು ಅಥಣಿ ರಸ್ತೆಯ ಬಸ್ಸು ಹತ್ತಿದೆ. ವಿಜಯಪುರದಿಂದ ತಿಕೋಟಾ ಇಪ್ಪತ್ತು ಕಿಲೋಮೀಟರ್ ಸುಮಾರು. ದಾರಿಯುದ್ದಕ್ಕೂ ತಲೆಯಲ್ಲಿ ಡಬ್ಲ್ಯೂಎವಿ ಫೈಲಿನ ರಚನೆ ಓಡುತ್ತಿತ್ತು.

ಈ ಫೈಲಿನ ಹಣೆಬರಹ ಹೀಗಿದೆ ನೋಡಿ. ಶುರುವಿನಲ್ಲಿ ಒಂದು ಸಣ್ಣ ತಲೆಬರಹ, ಸಾಧಾರಣವಾಗಿ 44 ಬೈಟ್. ಅದರಲ್ಲಿ ಸ್ಯಾಂಪಲ್ ರೇಟ್ ಎಷ್ಟು, ಬಿಟ್ ಎಷ್ಟು, ಮುಂದೆ ಎಷ್ಟು ಬೈಟ್ ಧ್ವನಿ ಇದೆ ಅನ್ನೋ ವಿವರ. ಅದಾದ ಮೇಲೆ ಬರೀ ಧ್ವನಿಯ ಅಂಕಿಗಳು. ಆದರೆ ಹಾಡು ಎಷ್ಟು ಹೊತ್ತು ನಡೆಯುತ್ತೆ ಅಂತ ಶುರುವಿನಲ್ಲಿ ಯಾರಿಗೆ ಗೊತ್ತು? ಹಾಗಾಗಿ ಬಹಳಷ್ಟು ತಂತ್ರಾಂಶಗಳು ಉದ್ದದ ಜಾಗದಲ್ಲಿ ಸದ್ಯಕ್ಕೆ ಸೊನ್ನೆ ಬರೆದಿಟ್ಟು, ಸ್ಟಾಪ್ ಒತ್ತಿದಾಗ ವಾಪಸ್ ಬಂದು ಸರಿಯಾದ ಸಂಖ್ಯೆ ತುಂಬುತ್ತವೆ. ನಡುವೆ ಕರೆಂಟ್ ಹೋದರೆ ಆ ಸೊನ್ನೆ ಹಾಗೇ ಉಳಿಯುತ್ತೆ. ಪ್ಲೇಯರ್ ತಲೆಬರಹ ಓದಿ "ಏನೂ ಇಲ್ಲ" ಅನ್ನುತ್ತೆ. ಧ್ವನಿ ಮಾತ್ರ ಡಿಸ್ಕಿನ ಮೇಲೆ ತಣ್ಣಗೆ ಕೂತಿರುತ್ತೆ.

ಹೋದ ಕೂಡಲೇ ನೋಡಿದ್ದು ಫೈಲಿನ ಗಾತ್ರ. ಸುಮಾರು 36 ಕೋಟಿ 30 ಲಕ್ಷ ಬೈಟ್. ಒಂದೇ ಮೈಕು, 48 ಕಿಲೋಹರ್ಟ್ಸ್, 24 ಬಿಟ್. ಅಂದರೆ ಸೆಕೆಂಡಿಗೆ 48,000 ಸಲ ಮೂರು ಮೂರು ಬೈಟ್, ಒಟ್ಟು 1,44,000. ಭಾಗಿಸಿದರೆ 2,520 ಸೆಕೆಂಡು, 42 ನಿಮಿಷ. ಗೆಳೆಯ ಹೇಳಿದ ಮುಕ್ಕಾಲು ತಾಸಿಗೆ ಸರಿಯಾಗಿ ಹತ್ತಿರ. ಅಷ್ಟು ಲೆಕ್ಕ ತಾಳೆಯಾದ ಮೇಲೆ ನನಗೆ ಧೈರ್ಯ ಬಂತು. ಫೈಲನ್ನ ಮೊದಲು ಬೇರೆ ಡಿಸ್ಕಿಗೆ ಕಾಪಿ ಮಾಡಿದೆ. ಮೂಲವನ್ನ ಮುಟ್ಟಲೇಬಾರದು, ಏನೇ ಆಟ ಆಡಿದರೂ ಕಾಪಿಯ ಮೇಲೆ.

ಆಮೇಲೆ ಅಡಾಸಿಟಿಯಲ್ಲಿ ಫೈಲ್ ಮೆನುವಿನ ಇಂಪೋರ್ಟ್‌ನಲ್ಲಿ ರಾ ಡೇಟಾ ಅನ್ನೋ ಆಯ್ಕೆ. ಇದು ತಲೆಬರಹ ನೋಡಲ್ಲ, ನಾವೇ ಹೇಳಬೇಕು: ಸೈನ್ಡ್ 24 ಬಿಟ್, ಲಿಟಲ್ ಎಂಡಿಯನ್, ಒಂದೇ ಚಾನೆಲ್, 48,000, ಶುರುವಿನ 44 ಬೈಟ್ ಬಿಡು. ಒತ್ತಿದೆ. ಸೊಂಯ್ ಅಂತ ಮಳೆ ಸುರಿದ ಹಾಗೆ ಸದ್ದು! ಗೆಳೆಯನ ಮುಖ ನೋಡಬೇಕಿತ್ತು... ಆದರೆ ಆ ಮಳೆಗೂ ಕಾರಣ ಇದೆ. ಕೆಲವು ತಂತ್ರಾಂಶಗಳು ತಲೆಬರಹದಲ್ಲಿ ತಮ್ಮದೂ ಒಂದಿಷ್ಟು ತುರುಕುತ್ತವೆ, ಅದು 44ಕ್ಕೆ ನಿಲ್ಲಲ್ಲ. 24 ಬಿಟ್ ಅಂದರೆ ಮೂರು ಬೈಟಿನ ಗುಂಪು. ಗುಂಪಿನ ನಡುವಿನಿಂದ ಓದಲಿಕ್ಕೆ ಶುರು ಮಾಡಿದರೆ ಎಲ್ಲ ಅಂಕಿಯೂ ಅಡ್ಡಾದಿಡ್ಡಿ. ಒಂದು ಬೈಟ್ ಮುಂದೆ ಸರಿಸಿದೆ, ಮತ್ತೆ ಮಳೆ. ಇನ್ನೊಂದು ಸರಿಸಿದೆ. ಮುತ್ಯಾ ಕೆಮ್ಮಿದರು, ಗಂಟಲು ಸರಿ ಮಾಡಿಕೊಂಡರು, ಪದ ಎತ್ತಿದರು. ಕೊನೆಯ ಹತ್ತು ಸೆಕೆಂಡು ಮಾತ್ರ ಪೂರ್ತಿ ನಿಶ್ಶಬ್ದ. ಅಷ್ಟು ಡಿಸ್ಕಿಗೆ ಇಳಿದಿರಲೇ ಇಲ್ಲ.

ಎಲ್ಲ ಸಲವೂ ಹೀಗೆ ಸಿಗಲ್ಲ. ಕಡತ ವ್ಯವಸ್ಥೆಯೇ ಗಾತ್ರ ಸೊನ್ನೆ ಅಂತ ಬರೆದುಕೊಂಡಿದ್ದರೆ ಫೋಟೋರೆಕ್‌ನಂಥ ತಂತ್ರಾಂಶ ಹಾಕಿ ಇಡೀ ಡಿಸ್ಕು ಜಾಲಾಡಬೇಕಾಗುತ್ತೆ. ಆ ನಡುವೆ ಆ ಡ್ರೈವಿಗೆ ಬೇರೆ ಏನಾದರೂ ಬರೆದಿದ್ದರೆ ಮುಗೀತು. ಅವತ್ತು ಸಂಜೆಯೇ ಕೂತು ಅವನ ಖೋಲಿಯ ಡಿಸ್ಕುಗಳನ್ನ ಪೂರಾ ಬೇರೆ ಥರ ಜೋಡಿಸಿದೆವು. ಹಾಡುವವರು ಎರಡನೇ ಸಲ ಹಾಡಲ್ಲ ಅಂತಲೇ ಹಿಡಿದು ಲೆಕ್ಕ ಹಾಕಿದೆವು.

ಮೊದಲು ವೇಗದ ವಿಷಯ ಮುಗಿಸಿಬಿಡ್ತೀನಿ, ಯಾಕೆಂದರೆ ಡಿಸ್ಕು ಅಂದ ಕೂಡಲೇ ಎಲ್ಲರಿಗೂ ಅದೇ ತಲೆಯಲ್ಲಿ. ಹಳೇ ರೆಕಾರ್ಡಿಂಗ್ ಪುಸ್ತಕಗಳಲ್ಲಿ ಒಂದು ಮಂತ್ರ ಇತ್ತು: ವಿಂಡೋಸ್ ಒಂದು ಡಿಸ್ಕಿನಲ್ಲಿ, ಧ್ವನಿ ಇನ್ನೊಂದರಲ್ಲಿ, ಎರಡನೇದನ್ನ 64 ಕೆಬಿ ಕ್ಲಸ್ಟರ್ ಇಟ್ಟು ಫಾರ್ಮ್ಯಾಟ್ ಮಾಡಿ. ಯಾಕೆ ಅಂತ ಲೆಕ್ಕ ಹಾಕಿದರೆ ಮಜಾ ಇದೆ. ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ ಹಾಡಿದ ಕಾಲದ ಗ್ರಾಮಫೋನ್ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗಿ, ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ ಹಾಡುತ್ತಿತ್ತು. ಹಾರ್ಡ್ ಡಿಸ್ಕೂ ತಟ್ಟೆಯೇ, ತಿರುಗೋದು 7200 ಸುತ್ತು. ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಓದುವ ಬರೆಯುವ ತಲೆ ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿಯಲಿಕ್ಕೆ ಸರಾಸರಿ 9, ಬೇಕಾದ ಜಾಗ ಕೆಳಗೆ ಬರೋತನಕ ಅರ್ಧ ಸುತ್ತು ಕಾಯಲಿಕ್ಕೆ 4. ಒಟ್ಟು 13 ಮಿಲಿಸೆಕೆಂಡು ಅನ್ನಿ. ಎಂಟು ಮೈಕಿನ ಭಜನೆ ರೆಕಾರ್ಡ್ ಮಾಡಿದರೆ ಸೆಕೆಂಡಿಗೆ ಸುಮಾರು 11.5 ಲಕ್ಷ ಬೈಟ್. ಅದನ್ನ 4 ಕೆಬಿ ತುಂಡಿನಲ್ಲಿ ಚೆಲ್ಲಾಪಿಲ್ಲಿ ಬರೆದರೆ 281 ಜಿಗಿತ, ಒಂದು ಸೆಕೆಂಡಿನ ಹಾಡು ಬರೆಯಲಿಕ್ಕೆ 3.7 ಸೆಕೆಂಡು! 64 ಕೆಬಿ ತುಂಡಾದರೆ 18 ಜಿಗಿತ, ಕಾಲು ಸೆಕೆಂಡಿನಲ್ಲಿ ಮುಗೀತು. ವಿಂಡೋಸ್ ಮೊದಲು ಮೆಮೊರಿಯಲ್ಲಿ ಕೂಡಿಟ್ಟು ಆಮೇಲೆ ಬರೆಯೋದರಿಂದ ನಿಜವಾಗಿ ಪರಿಸ್ಥಿತಿ ಅಷ್ಟು ಕೆಟ್ಟದಿರಲಿಲ್ಲ. ಆದರೂ ಮಂತ್ರದ ಹಿಂದಿನ ತರ್ಕ ಇದು. ಅದೇ ತಲೆ ವಿಂಡೋಸ್ ಕೆಲಸಕ್ಕೂ ಓಡಾಡಿದರೆ ಇನ್ನೂ ಕಷ್ಟ, ಅದಕ್ಕೇ ಎರಡು ಡಿಸ್ಕು.

ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ತಲೆಯೂ ಇಲ್ಲ. ಸೆಕೆಂಡಿಗೆ ಒಂದು ಚಿಲ್ಲರೆ ಎಂಬಿ ಅದಕ್ಕೆ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹಾಗಾಗಿ ವೇಗಕ್ಕೋಸ್ಕರ ದುಬಾರಿ ಡ್ರೈವ್ ಕೊಳ್ಳಬೇಡಿ, ಡಿಫ್ರಾಗ್ ಮಾಡಬೇಡಿ, ಕ್ಲಸ್ಟರ್ ಚಿಂತೆ ಬಿಡಿ. ಐದನೇ ಒಂದು ಭಾಗ ಖಾಲಿ ಇರಲಿ ಸಾಕು.

ರೆಕಾರ್ಡ್ ಮಾಡುವಾಗ ಟಕ್ ಟಕ್ ಅಂತ ಸದ್ದು ಬಂದರೆ ಎಲ್ಲರೂ ಬೈಯೋದು ಡಿಸ್ಕನ್ನ. ಈಗಿನ ಕಾಲದಲ್ಲಿ ಬಹುಪಾಲು ಅದರ ತಪ್ಪಲ್ಲ, ಆಡಿಯೋ ಬಫರ್ ಸಣ್ಣದಾಗಿರುತ್ತೆ ಅಷ್ಟೇ. 256 ಸ್ಯಾಂಪಲ್ ಬಫರ್ ಅಂದರೆ 48 ಕಿಲೋಹರ್ಟ್ಸ್‌ನಲ್ಲಿ 5.3 ಮಿಲಿಸೆಕೆಂಡು ತಡ. ನಾವು ಗೋಳಗುಮ್ಮಟದವರು, ದೂರದಲ್ಲಿ ಹೇಳಿದರೆ ಬೇಗ ತಿಳಿಯುತ್ತೆ: ಗುಮ್ಮಟದ ಒಳಗಿನ ಅಡ್ಡಳತೆ 38 ಮೀಟರ್ ಹತ್ತಿರ, ಪಿಸುಮಾತು ಒಂದು ಕಡೆಯಿಂದ ಎದುರು ಬದಿ ಮುಟ್ಟಲಿಕ್ಕೆ 110 ಮಿಲಿಸೆಕೆಂಡು ಬೇಕು. 5.3 ಅಂದರೆ ಹಾರ್ಮೋನಿಯಂನವರು ಎರಡು ಮೀಟರ್ ಒಳಗೆ ಕೂತಷ್ಟು. ಹೋಗಿ ಬರೋ ತಡ ಸೇರಿದರೆ ಅದರ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಡಿಜೆ ಟ್ರ್ಯಾಕಿನ ಜೊತೆ ಕಿವಿಗೆ ಹೆಡ್‌ಫೋನ್ ಹಾಕಿ ಹಾಡುವವನಿಗೆ ಇದು ಮುಖ್ಯ. ಮುತ್ಯಾ ಹೆಡ್‌ಫೋನ್ ಹಾಕಲ್ಲ, ಹಾಕು ಅಂದರೆ ಹೊಡೀತಾರೆ. ಅಂಥ ರೆಕಾರ್ಡಿಂಗಿಗೆ ಬಫರ್ 1024 ಇಡಿ. ಸದ್ದೂ ಇಲ್ಲ, ತಾಪತ್ರಯವೂ ಇಲ್ಲ.

ಹಾಗಾದರೆ ಎರಡು ಡಿಸ್ಕಿನ ಮಂತ್ರ ಹಳೆಯದಾಯ್ತಾ? ಇಲ್ಲ, ಕಾರಣ ಬದಲಾಯ್ತು. ಈಗ ಬೇರೆ ಇಡೋದು ವಿಂಡೋಸ್ ಕೆಟ್ಟ ದಿನ ಹಾಡು ಕೆಡಬಾರದು ಅಂತ. ವೈರಸ್ ಬಂತು, ಅಪ್‌ಡೇಟ್ ಕೈ ಕೊಡ್ತು, ಅಂಗಡಿಯವನು "ಫಾರ್ಮ್ಯಾಟ್ ಮಾಡಿ ಕೊಡ್ತೀನ್ರಿ" ಅಂದ. ಈ ಕೊನೆಯದು ನಮ್ಮ ಕಡೆ ವೈರಸ್‌ಗಿಂತ ಅಪಾಯಕಾರಿ. ಧ್ವನಿ ಬೇರೆ ಡ್ರೈವಿನಲ್ಲಿದ್ದರೆ ಅದನ್ನ ಬಿಚ್ಚಿ ಮನೆಯಲ್ಲಿಟ್ಟು, ಉಳಿದ ಡಬ್ಬಿ ಅಂಗಡಿಗೆ ಕೊಡಬಹುದು. ಒಂದೇ ಡ್ರೈವನ್ನ ಸಿ ಮತ್ತು ಡಿ ಅಂತ ಎರಡು ಭಾಗ ಮಾಡಿದರೆ ಎರಡು ಡಿಸ್ಕು ಆಗಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಒಂದೇ ಮನೆಗೆ ಎರಡು ಬಾಗಿಲು ಇಟ್ಟ ಹಾಗೆ ಅದು. ಮನೆ ಸುಟ್ಟರೆ ಎರಡೂ ಸುಡುತ್ತೆ.

ಈಗ ತಿಕೋಟಾದ ಖೋಲಿಯಲ್ಲಿ ಹೀಗಿದೆ. ಡೆಸ್ಕ್‌ಟಾಪಿನಲ್ಲಿ ವಿಂಡೋಸ್ ಒಂದು ಎಸ್‌ಎಸ್‌ಡಿ, ಧ್ವನಿಗೆ ಇನ್ನೊಂದು ಎಸ್‌ಎಸ್‌ಡಿ. ಡಿಜೆ ಕೆಲಸ ಎಲ್ಲ ಅದರಲ್ಲಿ. ಹಿರಿಯರು ಬಂದ ದಿನ ಮಾತ್ರ ಡೆಸ್ಕ್‌ಟಾಪ್ ಬಂದ್, ಹಳೇ ಲ್ಯಾಪ್‌ಟಾಪು ಹೊರಗೆ. ಲ್ಯಾಪ್‌ಟಾಪಿನ ಬ್ಯಾಟರಿಗಿಂತ ಒಳ್ಳೆ ಯುಪಿಎಸ್ ಯಾವುದೂ ಇಲ್ಲ, ಗುಂಯ್ ಅನ್ನೋ ಸದ್ದೂ ಇಲ್ಲ. ಸದ್ದಿನ ಮಾತು ಬಂತು ಅಂತ ಹೇಳ್ತೀನಿ: ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ರೆಕಾರ್ಡ್ ಮಾಡುವಾಗ ಫ್ಯಾನೂ ಬಂದ್, ಕೂಲರೂ ಬಂದ್. ಖೋಲಿ ಅಷ್ಟು ನಿಶ್ಶಬ್ದ ಆದ ಮೇಲೆ ತಿರುಗುವ ಹಾರ್ಡ್ ಡಿಸ್ಕಿನ ಕಿರಕಿರಿ ಮೈಕಿಗೆ ಚೆನ್ನಾಗಿ ಕೇಳುತ್ತೆ. ರೆಕಾರ್ಡಿಂಗಿಗೆ ಎಸ್‌ಎಸ್‌ಡಿಯೇ ಇರಲಿ ಅನ್ನೋದಕ್ಕೆ ನನ್ನ ಮಟ್ಟಿಗೆ ವೇಗಕ್ಕಿಂತ ದೊಡ್ಡ ಕಾರಣ ಇದು.

ಸೆಟ್ಟಿಂಗಿನಲ್ಲಿ ಮುಟ್ಟಿದ್ದು ಕೆಲವೇ. ಪವರ್ ಆಪ್ಷನ್‌ನಲ್ಲಿ ಹಾರ್ಡ್ ಡಿಸ್ಕು ಇಂತಿಷ್ಟು ನಿಮಿಷಕ್ಕೆ ಮಲಗಲಿ ಅಂತ ಇರುತ್ತೆ, ಅದನ್ನ ಎಂದೂ ಬೇಡ ಅಂತ ಮಾಡಿದೆವು. ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಬಂದ್. ರೆಕಾರ್ಡಿಂಗ್ ಫೋಲ್ಡರನ್ನ ಡಾಕ್ಯುಮೆಂಟ್ಸ್‌ನಿಂದ ಹೊರಗೆ ತಂದೆವು, ಇಲ್ಲದಿದ್ದರೆ ಅರ್ಧ ಬರೆದ ಫೈಲನ್ನ ಒನ್‌ಡ್ರೈವ್ ಮೋಡಕ್ಕೆ ಎಳೆಯಲಿಕ್ಕೆ ನಿಲ್ಲುತ್ತೆ. ಆಂಟಿವೈರಸ್‌ಗೂ ಆ ಫೋಲ್ಡರ್ ಕಡೆ ನೋಡಬೇಡ ಅಂತ ಹೇಳಿದೆವು. ಆಡಿಯೋ ಇಂಟರ್‌ಫೇಸು ಮತ್ತು ಹೊರಗಿನ ಡ್ರೈವು ಎರಡನ್ನೂ ಒಂದೇ ಅಗ್ಗದ ಹಬ್‌ಗೆ ಚುಚ್ಚಿದ್ದ, ಬಿಡಿಸಿ ಬೇರೆ ಬೇರೆ ಪೋರ್ಟಿಗೆ ಹಾಕಿದೆವು. ತಟ್ಟೆಯ ಡ್ರೈವ್ ತಿರುಗಲಿಕ್ಕೆ ಶುರು ಮಾಡುವಾಗ ಜಾಸ್ತಿ ಕರೆಂಟ್ ಎಳೆಯುತ್ತೆ, ಆ ಹೊತ್ತಿಗೆ ಇಂಟರ್‌ಫೇಸು ಬಿಕ್ಕಳಿಸಿದರೆ ಆಶ್ಚರ್ಯ ಇಲ್ಲ. ಇನ್ನು ರೀಪರ್‌ನಂಥ ತಂತ್ರಾಂಶದಲ್ಲಿ ಒಂದೇ ರೆಕಾರ್ಡಿಂಗನ್ನ ಏಕಕಾಲಕ್ಕೆ ಎರಡು ಕಡೆ ಬರೆಯುವ ಸೌಲಭ್ಯ ಇದೆ, ಲ್ಯಾಪ್‌ಟಾಪಿನ ಒಳಗೊಂದು, ಹೊರಗಿನ ಎಸ್‌ಎಸ್‌ಡಿಗೊಂದು. ಜೊತೆಗೆ ಮುತ್ಯಾನ ಮುಂದೆ ಒಂದು ಮೊಬೈಲೂ ರೆಕಾರ್ಡ್ ಮಾಡ್ತಾ ಬಿದ್ದಿರುತ್ತೆ. ಗುಣಮಟ್ಟ ಅಷ್ಟಕ್ಕಷ್ಟೇ, ಆದರೆ ಅದಕ್ಕೆ ಅದರದ್ದೇ ಬ್ಯಾಟರಿ, ಅದರದ್ದೇ ಸ್ಟೋರೇಜು.

ಹೊರಗಿನ ಡ್ರೈವಿಗೆ ಎಫ್‌ಎಟಿ 32 ಬೇಡ. ಅದರಲ್ಲಿ ಒಂದು ಫೈಲು 4 ಜಿಬಿ ದಾಟುವ ಹಾಗಿಲ್ಲ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರಲಿ. ಅಡಾಸಿಟಿ ಬಳಸುವವರಿಗೆ ಇದು ಇನ್ನೂ ಮುಖ್ಯ. 2021ರಲ್ಲಿ ಬಂದ 3.0 ಆವೃತ್ತಿಯಿಂದ ಅದು ಇಡೀ ಪ್ರಾಜೆಕ್ಟನ್ನ ಒಂದೇ ಫೈಲಿನಲ್ಲಿ ಇಡುತ್ತೆ, ಮುಂಚಿನ ಹಾಗೆ ಸಾವಿರಾರು ಸಣ್ಣ ತುಂಡುಗಳಾಗಿ ಅಲ್ಲ. ಡಬ್ಲ್ಯೂಎವಿ ಫೈಲಿಗೂ ಇದೇ ಮಿತಿ ಬೇರೆ ದಾರಿಯಿಂದ ಬರುತ್ತೆ: ಉದ್ದ ಬರೆಯುವ ಜಾಗ 32 ಬಿಟ್, ಅದರಲ್ಲಿ 4.29 ಗಿಗಾಬೈಟ್‌ಗಿಂತ ದೊಡ್ಡ ಸಂಖ್ಯೆ ಹಿಡಿಯಲ್ಲ. 24 ಬಿಟ್ ಸ್ಟೀರಿಯೋದಲ್ಲಿ ನಾಲ್ಕು ತಾಸಿಗೆ ಇದು ತುಂಬುತ್ತೆ. ನಾಲ್ಕು ತಾಸು ಯಾರು ಹಾಡ್ತಾರೆ ಅನ್ನಬೇಡಿ, ಶಿವರಾತ್ರಿ ಜಾಗರಣೆಗೆ ಅಹೋರಾತ್ರಿ ಭಜನೆ ಮಾಡುವ ಜನ ನಾವು. ಅಂಥ ರಾತ್ರಿಗೆ ಆರ್‌ಎಫ್ 64 ಅನ್ನೋ ಮಾದರಿ ಆರಿಸಿ, ಇಲ್ಲವಾದರೆ ತಾಸಿಗೊಂದು ಫೈಲು ತುಂಡರಿಸಲಿಕ್ಕೆ ಬಿಡಿ. ತುಂಡರಿಸೋದೇ ನನಗಿಷ್ಟ. ಕೆಟ್ಟರೆ ಒಂದು ತಾಸು ಕೆಡುತ್ತೆ.

ಹಾಡಿಕೆ ಮುಗಿದ ಮೇಲಿನ ಕೆಲಸದಲ್ಲೇ ಎಲ್ಲರೂ ಸೋಮಾರಿಗಳು. ಚಹಾ ಕುಡಿಯೋಕೆ ಏಳುವ ಮೊದಲೇ ಕಾಪಿ ಶುರುವಾಗಬೇಕು ಅನ್ನೋದು ಖೋಲಿಯ ನಿಯಮ ಈಗ. ಮೂಲ ಡಬ್ಲ್ಯೂಎವಿಯನ್ನ ಎಫ್‌ಎಲ್‌ಎಸಿ ಮಾಡಿಡ್ತೀವಿ. ಜಾಗ ಸುಮಾರು ಅರ್ಧ ಉಳಿಯುತ್ತೆ, ಧ್ವನಿಯಲ್ಲಿ ಒಂದು ಬಿಟ್ಟೂ ಕಳೆಯಲ್ಲ. ನನಗೆ ಹಿಡಿಸಿದ್ದು ಬೇರೆ. ಅದರ ತಲೆಬರಹದಲ್ಲಿ ಇಡೀ ಧ್ವನಿಯ ಎಂಡಿ5 ಸಂಖ್ಯೆ ಕೂತಿರುತ್ತೆ. ಹತ್ತು ವರ್ಷದ ನಂತರ ಒಂದು ಆದೇಶ ಕೊಟ್ಟು, ಡಿಸ್ಕು ಸದ್ದಿಲ್ಲದೆ ಏನಾದರೂ ತಿಂದಿದೆಯಾ ಅಂತ ಪತ್ತೆ ಹಚ್ಚಬಹುದು. ಫೈಲಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ: ದಿನಾಂಕ, ಊರು, ಹಾಡಿದವರು, ಎಷ್ಟನೇ ಸಲ. ಯೂನಿಕೋಡ್ ಕನ್ನಡದಲ್ಲಿ ಬ್ಲಾಗ್ ಬರೆಯುವವನು ಹೀಗೆ ಹೇಳ್ತಾನಲ್ಲ ಅಂತ ನಗಬೇಡಿ. ಕೆಲವು ಹಳೇ ತಂತ್ರಾಂಶಗಳು, ಕಾರಿನ ಪ್ಲೇಯರುಗಳು ಕನ್ನಡ ಹೆಸರನ್ನ ಇವತ್ತಿಗೂ ಪ್ರಶ್ನೆ ಚಿಹ್ನೆ ಮಾಡಿ ತೋರಿಸುತ್ತವೆ. ಪಕ್ಕದಲ್ಲೇ ಒಂದು ಪಠ್ಯ ಫೈಲು ಇರುತ್ತೆ, ಅದು ಪೂರ್ತಿ ಕನ್ನಡ. ಯಾರು ಹಾಡಿದ್ದು, ಯಾರಿಂದ ಕಲಿತದ್ದು, ಯಾವ ಊರಿನ ಕಣದಲ್ಲಿ ಹಾಡುತ್ತಿದ್ದರು, ನಡುವೆ ಬರುವ ಹಳೇ ಮಾತಿಗೆ ಅರ್ಥ ಏನು. ಧ್ವನಿ ಉಳಿದು ಈ ವಿವರ ಹೋದರೆ ಇನ್ನು ಇಪ್ಪತ್ತು ವರ್ಷಕ್ಕೆ "ಯಾರೋ ಮುದುಕ ಹಾಡಿದ್ದು" ಅನ್ನೋದಷ್ಟೇ ಉಳಿಯುತ್ತೆ.

ಕಾಪಿಗಳು ಎಲ್ಲಿ? ಮೂರು ಪ್ರತಿ, ಎರಡು ಥರದ ಮಾಧ್ಯಮ, ಒಂದು ಬೇರೆ ಊರಲ್ಲಿ ಅನ್ನೋ 3-2-1 ಸೂತ್ರ ನೀವು ಕೇಳಿರ್ತೀರಿ. ನಮಗೆ ಊರುಗಳೇ ಮೂರು ಸಿಕ್ಕವು. ಕೆಲಸದ ಪ್ರತಿ ತಿಕೋಟಾದಲ್ಲಿ, ಎಸ್‌ಎಸ್‌ಡಿ. ಎರಡನೇದು ವಿಜಯಪುರದ ನಮ್ಮ ಮನೆಯಲ್ಲಿ, 2 ಟಿಬಿಯ ತಟ್ಟೆ ಡಿಸ್ಕು. ಮೂರನೇದು ಬಬಲೇಶ್ವರದಲ್ಲಿ ಗೆಳೆಯನ ಸಂಬಂಧಿಕರ ಮನೆಯಲ್ಲಿ, ಅಂಥದ್ದೇ ಇನ್ನೊಂದು, ಬೇರೆ ಕಂಪನಿಯದು. ಕಪಾಟಿನಲ್ಲಿಡಲಿಕ್ಕೆ ಎಸ್‌ಎಸ್‌ಡಿ ಬೇಡ ಅಂದೆ. ಕರೆಂಟಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ, ಅದೂ ಬಿಸಿಲಿನ ಊರಲ್ಲಿ, ಅದರ ಒಳಗಿನ ವಿದ್ಯುದಂಶ ನಿಧಾನಕ್ಕೆ ಸೋರುತ್ತೆ. ತಟ್ಟೆ ಡಿಸ್ಕಿಗೆ ಆ ರೋಗ ಇಲ್ಲ, ಆದರೆ ಆರು ತಿಂಗಳಿಗೊಮ್ಮೆ ಎಬ್ಬಿಸಿ ತಿರುಗಿಸಬೇಕು. ಪತ್ರಾಸಿನ ಮನೆಯಲ್ಲಾಗಲಿ, ಅಟ್ಟದ ಮೇಲಾಗಲಿ ಇಡುವ ಹಾಗಿಲ್ಲ. ನೆಲದ ಮನೆಯಲ್ಲಿ, ಟ್ರಂಕಿನೊಳಗೆ, ಬಟ್ಟೆ ಸುತ್ತಿ. "ಅದೆಲ್ಲ ಯಾಕೆ, ರೇಡ್ ಹಾಕಿದರಾಯ್ತಲ್ಲ" ಅಂತ ಆಫೀಸಿನ ಗೆಳೆಯರು ಕೇಳಿದರು. ರೇಡ್ ಒಂದು ಡಿಸ್ಕು ಸತ್ತಾಗ ಕೆಲಸ ನಿಲ್ಲದ ಹಾಗೆ ನೋಡಿಕೊಳ್ಳುತ್ತೆ. ನೀವು ಕೈಯಾರೆ ಅಳಿಸಿದರೆ ಎರಡೂ ಕಡೆ ನಿಷ್ಠೆಯಿಂದ ಅಳಿಸುತ್ತೆ.

ಎರಡು ಟಿಬಿ ಅಂದರೆ ಎಷ್ಟು ಅಂತ ನಮ್ಮಮ್ಮ ಕೇಳಿದ್ದರು. ನಮ್ಮ ಮನೆಯಲ್ಲಿ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನದ ಕ್ಯಾಸೆಟ್ಟುಗಳಿವೆ. 2023ರ ಜನವರಿ 2ರಂದು ಅವರು ಹೋದ ಮೇಲೆ ಅಮ್ಮ ಅವನ್ನ ಒರೆಸಿ ಒರೆಸಿ ಇಡ್ತಾರೆ. ಸಿಡಿ ಗುಣಮಟ್ಟದಲ್ಲಿ ತಾಸಿಗೆ 635 ಎಂಬಿ, ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ 950 ಸುಮಾರು. ಎರಡು ಟಿಬಿಯಲ್ಲಿ ಅಂಥ ಕ್ಯಾಸೆಟ್ಟು ಎರಡು ಸಾವಿರ. "ಇಷ್ಟು ಸಣ್ಣ ಡಬ್ಬಿಯೊಳಗ?" ಅಂತ ಅಮ್ಮನಿಗೆ ನಂಬಿಕೆ ಬರಲಿಲ್ಲ. ಬರದಿದ್ದದ್ದೇ ಒಳ್ಳೆಯದಾಯ್ತು, ಕ್ಯಾಸೆಟ್ಟುಗಳನ್ನ ಅವರು ಎಸೆಯಲ್ಲ, ಅದೂ ಒಂದು ಪ್ರತಿಯೇ.

ಮೋಡಕ್ಕೂ ಏರಿಸಬಹುದು, ಏರಿಸ್ತೀವಿ ಕೂಡ. ಆದರೆ ಹಳ್ಳಿಯ ಅಪ್‌ಲೋಡ್ 5 ಎಂಬಿಪಿಎಸ್ ಸಿಕ್ಕಿತು ಅಂದುಕೊಂಡರೂ 50 ಜಿಬಿಗೆ 22 ತಾಸು. ಅದೇ 500 ಜಿಬಿಯ ಡ್ರೈವನ್ನ ಜೇಬಿಗೆ ಹಾಕಿ ಬಸ್ಸು ಹತ್ತಿದರೆ ಒಂದು ತಾಸಿಗೆ ವಿಜಯಪುರ. ಲೆಕ್ಕ ಹಾಕಿ ನೋಡಿ, ಸೆಕೆಂಡಿಗೆ 1.1 ಗಿಗಾಬಿಟ್ :-) ತಿಂಗಳಿಗೊಮ್ಮೆ ಗೆಳೆಯ ಸಂತೆಗೋ ದವಾಖಾನೆಗೋ ಬಂದಾಗ ಡ್ರೈವ್ ತರ್ತಾನೆ, ನಾನಿಲ್ಲದಿದ್ದರೂ ತಮ್ಮ ಕಾಪಿ ಮಾಡಿ ಕೊಡ್ತಾನೆ.

ಬಬಲೇಶ್ವರದ ಡಿಸ್ಕು ಇಡಲಿಕ್ಕೆ ಹೋದ ದಿನ ಮುತ್ಯಾ ಟ್ರಂಕು ತೆರೆಸಿ ನೋಡಿದರು. ಬಟ್ಟೆ ಸುತ್ತಿದ ಡಬ್ಬಿ ಕೈಗೆ ತಗೊಂಡು ಕಿವಿ ಹತ್ತಿರ ಹಿಡಿದರು.

"ಇದರಾಗ ನಾ ಅದೀನಿ?"

"ಹೂಂ ಮುತ್ಯಾ."

"ಹಂಗಾರ ಕೇಳೂದು ಹ್ಯಾಂಗೋ? ಟ್ರಂಕಿನ್ಯಾಗ ಇಟ್ರ ಯಾರ ಕೇಳತಾರ?"

ಉತ್ತರ ಇರಲಿಲ್ಲ. ಅವರ ಮೊಮ್ಮಗ ಟ್ರ್ಯಾಕ್ಟರಿಗೆ ಒಂದು ಪ್ಲೇಯರ್ ಹಾಕಿಸಿದ್ದಾನೆ. ಅದು ಎಫ್‌ಎಲ್‌ಎಸಿ ಓದಲ್ಲ, ಎಕ್ಸ್‌ಫ್ಯಾಟೂ ಓದಲ್ಲ. ಹಾಗಾಗಿ ಅಲ್ಲೇ ಕೂತು ಆ 42 ನಿಮಿಷವನ್ನ ಎಂಪಿ3 ಮಾಡಿ, ಒಂದು ಹಳೇ ಪೆನ್‌ಡ್ರೈವನ್ನ ಎಫ್‌ಎಟಿ 32 ಫಾರ್ಮ್ಯಾಟ್ ಮಾಡಿ ಹಾಕಿ ಕೊಟ್ಟೆವು. ಡಿಜೆ ಹಾಡುಗಳ ನಡುವೆ ಅದೂ ಇದೆ ಈಗ. ಕೊನೆಯ ಹತ್ತು ಸೆಕೆಂಡಿನ ನಿಶ್ಶಬ್ದ ಬಂದಾಗ ಪೆನ್‌ಡ್ರೈವ್ ಕೆಟ್ಟಿತು ಅಂತ ಮೊಮ್ಮಗ ಅದನ್ನ ಬಡೀತಾನಂತೆ.